ಹಸಿವಿನ ಗೆರೆ ಇರುವ ಆಟ

ತೊಂಬತ್ತರ ದಶಕದ ವಿಡಿಯೋ ಗೇಮ್‌ಗಳ ಮಾತು ಬಂದರೆ ನನ್ನ ವಯಸ್ಸಿನವರು ಮಾರಿಯೊ, ಕಾಂಟ್ರಾ ಎರಡನ್ನೇ ಹೇಳಿ ಮುಗಿಸುತ್ತಾರೆ. ‘ಅಡ್ವೆಂಚರ್ ಐಲ್ಯಾಂಡ್’ ಎಂದರೆ ಸ್ವಲ್ಪ ಹೊತ್ತು ಯೋಚಿಸಿ, “ಓ, ಸೊಂಟಕ್ಕೆ ಹುಲ್ಲು ಸುತ್ತಿಕೊಂಡು ಕೊಡಲಿ ಎಸೀತಿದ್ದನಲ್ಲ, ಅದಾ? ಭಾಳ ಕಷ್ಟ ಇತ್ತು, ಬಿಡಪ್ಪ” ಎನ್ನುತ್ತಾರೆ. ನನ್ನ ತಕರಾರು ಆ ‘ಬಿಡಪ್ಪ’ದ ಮೇಲೆ. ಕಷ್ಟ ನಿಜ. ಆದರೆ ಅದರ ಕಷ್ಟಕ್ಕೊಂದು ಮರ್ಯಾದೆ ಇದೆ, ಮತ್ತು ಅದು ಈಗಿನ ಆಟಗಳಲ್ಲಿ ಕಾಣೆಯಾಗಿದೆ.

ಆಟದ ಹುಟ್ಟೇ ವಿಚಿತ್ರ. 1986ರಲ್ಲಿ ಜಪಾನಿನ ಎಸ್ಕೇಪ್ ಎಂಬ ಸಣ್ಣ ಕಂಪನಿ ‘ವಂಡರ್ ಬಾಯ್’ ಮಾಡಿತು, ಸೆಗಾ ಅದನ್ನು ಆರ್ಕೇಡ್‌ಗಳಿಗೆ ಬಿಟ್ಟಿತು. ನಿಂಟೆಂಡೊದ ಫ್ಯಾಮಿಕಾಮ್‌ಗೆ ಅದನ್ನು ತರಲು ಹೊರಟ ಹಡ್ಸನ್ ಸಾಫ್ಟ್‌ಗೆ ಆಟವೇನೋ ದಕ್ಕಿತು, ಆದರೆ ಹೆಸರು ಮತ್ತು ನಾಯಕ ಸೆಗಾದ ಬಳಿಯೇ ಉಳಿದವು. ಹಡ್ಸನ್‌ನವರು ತಮ್ಮದೇ ಪ್ರಚಾರ ವಿಭಾಗದ ತೊಶಿಯುಕಿ ತಕಹಾಶಿಯನ್ನು ನಾಯಕನ ಜಾಗಕ್ಕೆ ತಂದು ನಿಲ್ಲಿಸಿದರು. ಸೆಕೆಂಡಿಗೆ 16 ಸಲ ಗುಂಡಿ ಒತ್ತುತ್ತಾನೆಂದು ಅಲ್ಲಿನ ಮಕ್ಕಳಲ್ಲಿ ಹೆಸರು ಮಾಡಿದ್ದ ಮನುಷ್ಯ. ಅಮೆರಿಕಕ್ಕೆ ಹೋಗುವಾಗ ಅವನೇ ಮಾಸ್ಟರ್ ಹಿಗಿನ್ಸ್ ಆದ.

ಪರದೆಯ ಮೇಲೆ ಒಂದು ಗೆರೆ ಇದೆ. ಅದು ಹಿಗಿನ್ಸ್‌ನ ಹೊಟ್ಟೆ. ನೀವು ನಿಂತಿರಿ, ನಡೆಯಿರಿ, ಓಡಿರಿ, ಅದು ಕರಗುತ್ತಲೇ ಇರುತ್ತದೆ. ಮುಂದೆ ಹೋದರೆ ಹಣ್ಣು ಸಿಗುತ್ತದೆ, ತಿಂದರೆ ಗೆರೆ ಬೆಳೆಯುತ್ತದೆ. ಹಾದಿಯ ಕಲ್ಲು ಎಡವಿದರೆ ಗೆರೆ ಕುಗ್ಗುತ್ತದೆ. ಬಸವನಹುಳು, ನಾಗರಹಾವು, ಕಪ್ಪೆ, ಯಾವುದು ತಾಗಿದರೂ ಒಂದು ಲೈಫ್ ಹೋಯಿತು. ಕೊಡಲಿಯಿಂದ ಹಾವು ಸಾಯುತ್ತದೆ, ಕಲ್ಲು ಒಡೆಯುವುದಿಲ್ಲ, ಅದಕ್ಕೆ ಬೆಂಕಿಯ ಉಂಡೆ ಬೇಕು. ಮೊಟ್ಟೆಯಿಂದ ಸಿಗುವ ಸ್ಕೇಟ್‌ಬೋರ್ಡ್ ಒಂದು ಪೆಟ್ಟು ತಡೆಯುತ್ತದೆ, ಆದರೆ ಹತ್ತಿದ ಮೇಲೆ ನಿಲ್ಲುವ ಹಾಗಿಲ್ಲ. ಕೆಲವು ಮೊಟ್ಟೆಗಳಲ್ಲಿ ಬದನೆಕಾಯಿ ಅಡಗಿದೆ, ಅದು ಅಂಟಿಕೊಂಡರೆ ಗೆರೆ ಸರಸರನೆ ಇಳಿಯುತ್ತದೆ. (ಎಣಗಾಯಿ ಉಂಡು ಬೆಳೆದವನಿಗೆ ಇದೊಂದು ಅವಮಾನ.)

ಮಾರಿಯೊದಲ್ಲೂ ಗಡಿಯಾರವಿದೆ, ಆದರೆ ಅದು ದೂರದಲ್ಲಿ ಓಡುತ್ತಿರುತ್ತದೆ. ಪೈಪಿನ ಪಕ್ಕ ನಿಂತು ಯೋಚಿಸಲು ಬಿಡುವು ಇರುತ್ತದೆ. ಇಲ್ಲಿ ಯೋಚಿಸುವುದಕ್ಕೂ ಬೆಲೆ ತೆರಬೇಕು. ಹಾಗಂತ ಕಣ್ಣು ಮುಚ್ಚಿ ಓಡಿದರೆ ಕಪ್ಪೆ ಬಾಯಿಗೆ ಬರುತ್ತದೆ. ಓಟಕ್ಕೂ ಎಚ್ಚರಕ್ಕೂ ನಡುವೆ ಇಷ್ಟೇ ಇಷ್ಟು ಜಾಗ, ಆಟವೆಲ್ಲ ಅಲ್ಲೇ ನಡೆಯುತ್ತದೆ. ಕಾಂಟ್ರಾದ ಕಷ್ಟ ಗುಂಡುಗಳ ಕಷ್ಟ. ಎಲ್ಲರಿಗೂ ಬಾಯಿಪಾಠವಿದ್ದ ಆ ಗುಂಡಿಗಳ ಸಾಲು ಒತ್ತಿ 30 ಲೈಫ್ ಪಡೆದರೆ ಅರ್ಧ ಭಯ ಅಲ್ಲೇ ಮುಗಿಯುತ್ತಿತ್ತು.

ಘಣಸೋಲಿಯ ನಮ್ಮ ಮನೆಯಲ್ಲಿ ಅಕ್ಕನ ಮಗ ರಜೆಗೆ ಬಂದಾಗ ಕೈಯಲ್ಲಿ ಹಿಡಿದಾಡುವ ಅಗ್ಗದ ಡಬ್ಬಿಯೊಂದರಲ್ಲಿ ಇದನ್ನು ಹಾಕಿಕೊಟ್ಟೆ. ಹುಡುಗ ಹುಟ್ಟಿದ್ದು ಇಲ್ಲೇ ಠಾಣೆಯಲ್ಲಿ, ಮೊಬೈಲ್ ಆಟಗಳಲ್ಲಿ ಪಳಗಿದವನು. ಐದು ನಿಮಿಷಕ್ಕೆ ತಲೆ ಎತ್ತಿ, “ಮಾಮಾ, ಇವನಿಗೆ ಯಾರೂ ಹೊಡೀಲೇ ಇಲ್ಲ, ಹೆಂಗ ಸತ್ತ?” ಎಂದ. ಹಸಿವಿನಿಂದ ಎಂದೆ. “ಹಂಗಂದ್ರ ಎನರ್ಜಿನಾ? ಎಷ್ಟು ಹೊತ್ತಿಗೆ ತುಂಬತದ?”

ಆ ಪ್ರಶ್ನೆಯಲ್ಲೇ ಎರಡು ಕಾಲಗಳ ಅಂತರವಿದೆ. 2016ರಲ್ಲಿ ಜಿಯೊ ಬಂದ ಮೇಲೆ, ನಮ್ಮ ಮನೆಗೆ ಹತ್ತಿರವೇ ಇರುವ ರಿಲಯನ್ಸ್ ಕಾರ್ಪೊರೇಟ್ ಪಾರ್ಕ್‌ನದೇ ಕಂಪನಿ ಅದು, ಡೇಟಾ ಅಗ್ಗವಾಗಿ ಆಟವೆಂಬುದು ಲೋಕಲ್ ಟ್ರೇನಿನ ಪ್ರತಿ ಕೈಗೂ ಬಂತು. ಆ ಆಟಗಳಲ್ಲೂ ಗೆರೆ ಇದೆ. ಖಾಲಿಯಾದರೆ ಕಾಯಿರಿ, ಜಾಹೀರಾತು ನೋಡಿ, ಇಲ್ಲವೇ ದುಡ್ಡು ಕೊಡಿ ಎನ್ನುತ್ತದೆ. ಆಡಬೇಡ ಎಂದು ತಡೆದು ನಿಲ್ಲಿಸಿ ಕಿಸೆಗೆ ಕೈ ಹಾಕುವ ಗೆರೆ ಅದು. ಹಿಗಿನ್ಸ್‌ನ ಗೆರೆ ತುಂಬಲು ಓಡಬೇಕು ಅಷ್ಟೆ. ಸೋತರೆ ಬೆರಳು ಸಾಲದಾಯಿತು, ಕಣ್ಣು ಸಾಲದಾಯಿತು. ಅದು ನಮ್ಮ ಕೈಯಲ್ಲೇ ಇರುವ ಕೊರತೆ. ಮಕ್ಕಳಿಗೆ ಈ ವ್ಯತ್ಯಾಸ ಬೈದು ತಿಳಿಸಲು ಆಗದು, ಆಡಿಸಿ ತಿಳಿಸಬಹುದು ಎಂಬುದು ನನ್ನ ವಾದ.

ಈ ಆಟಕ್ಕೆ ಕೆಟ್ಟ ಹೆಸರು ಬರಲು ನಮ್ಮ ಕಡೆ ಇನ್ನೊಂದು ಕಾರಣವಿತ್ತು. ‘ಲಿಟಲ್ ಮಾಸ್ಟರ್’, ‘ಮೀಡಿಯಾ’ ಹೆಸರಿನ ನಕಲಿ ಯಂತ್ರಗಳಿಗೆ ನಾವು ಹಾಕುತ್ತಿದ್ದ ‘9999 ಇನ್ 1’ ಕ್ಯಾಸೆಟ್‌ಗಳ ಜೊತೆ ಒಂದು ಚೀಟಿಯೂ ಬರುತ್ತಿರಲಿಲ್ಲ. ಮೊದಲ ಹಂತದ ಕೊನೆಯಲ್ಲಿ ಕಣ್ಣಿಗೆ ಕಾಣದ ಮೊಟ್ಟೆಯೊಂದಿದೆ. ಅದರೊಳಗೆ ಹಡ್ಸನ್ ಕಂಪನಿಯ ಗುರುತಾದ ಜೇನ್ನೊಣ. ಅದನ್ನು ಹಿಡಿದವರು ಎಲ್ಲ ಲೈಫ್ ಮುಗಿದ ಮೇಲೂ ದಿಕ್ಕಿನ ಗುಂಡಿ ಹಿಡಿದು ಸ್ಟಾರ್ಟ್ ಒತ್ತಿ ಆಟ ಮುಂದುವರಿಸಬಹುದು. ಇದು ಗೊತ್ತಿಲ್ಲದವರಿಗೆ 8 ಭಾಗ, ಒಂದೊಂದರಲ್ಲಿ 4 ಸುತ್ತು, ಒಟ್ಟು 32 ಸುತ್ತುಗಳನ್ನು ಕೈಬೆರಳೆಣಿಕೆಯ ಲೈಫ್‌ಗಳಲ್ಲಿ ದಾಟಬೇಕಿತ್ತು. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆಡುವ ಹುಡುಗರಿಗೆ ಅದು ಎಲ್ಲಿ ಸಾಧ್ಯ?

ಇದನ್ನು ಹೊಗಳುವಾಗ ಸುಳ್ಳು ಹೇಳುವ ಅಗತ್ಯವಿಲ್ಲ. ಕಾಡು, ಗುಹೆ, ನೀರು ಮತ್ತೆ ಮತ್ತೆ ಬರುತ್ತವೆ. ಪ್ರತಿ ಭಾಗದ ಕೊನೆಯ ರಾಕ್ಷಸ ತಲೆ ಮಾತ್ರ ಬದಲಿಸಿಕೊಂಡು ಬರುತ್ತಾನೆ, ಕಂಪನಿ ನಾಟಕದಲ್ಲಿ ಒಬ್ಬನೇ ನಟ ನಾಲ್ಕು ವೇಷ ಹಾಕಿದ ಹಾಗೆ. ಸತ್ತು ಎದ್ದಾಗ ಕೊಡಲಿ ಕಿತ್ತುಕೊಳ್ಳುವುದು ನಿಜಕ್ಕೂ ಕ್ರೂರ. ಗೆಲ್ಲಲು ಅದು ಬೇಕಾದ ಜಾಗದಲ್ಲೇ ಬರಿಗೈಯಲ್ಲಿ ನಿಲ್ಲಿಸುತ್ತದೆ.

ಈಗಿನ ಎಮ್ಯುಲೇಟರ್‌ಗಳಲ್ಲಿ ಹಿಂದಕ್ಕೆ ತಿರುಗಿಸುವ ಗುಂಡಿ ಇರುತ್ತದೆ. ಸತ್ತ ಕ್ಷಣವನ್ನು ಅಳಿಸಿ ಮತ್ತೆ ಜಿಗಿಯಬಹುದು. ಅದನ್ನು ಮುಟ್ಟಬೇಡಿ, ಮುಟ್ಟಿದರೆ ಗೆರೆಗೆ ಅರ್ಥವೇ ಇರುವುದಿಲ್ಲ. ಜೇನ್ನೊಣವನ್ನು ಮಾತ್ರ ನಾಚಿಕೆಯಿಲ್ಲದೆ ಹಿಡಿದುಕೊಳ್ಳಿ, ಅದನ್ನು ಆಟ ಮಾಡಿದವರೇ ಇಟ್ಟಿದ್ದಾರೆ. ಅಕ್ಕನ ಮಗ ಈಗ ಮೂರನೆಯ ಭಾಗದಲ್ಲಿದ್ದಾನೆ. ಫೋನ್ ಮಾಡಿದಾಗಲೆಲ್ಲ ಬದನೆಕಾಯಿಗೆ ಶಾಪ ಹಾಕುತ್ತಾನೆ.