‘ಸಿಮೆಂಟ್ ಶೀಟು’ ಎಂಬ ಹೆಸರಿನ ಮರೆಯಲ್ಲಿ

ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ‘ಶೀಟಿನ ಮನೆ’ ಎಂಬ ಮಾತು ಚಿರಪರಿಚಿತ. ಆರ್‌ಸಿಸಿ ಮನೆಗಿಂತ ಬಾಡಿಗೆ ಕಡಿಮೆ, ಬೇಸಿಗೆಯಲ್ಲಿ ಸೆಕೆ ಹೆಚ್ಚು, ಮಳೆ ಬಂದರೆ ಸದ್ದು ಹೆಚ್ಚು ಎಂಬಷ್ಟೇ ಅದರ ಅರ್ಥ. ಆ ಶೀಟು ಯಾವುದರಿಂದ ಆದದ್ದು ಎಂದು ಬಾಡಿಗೆಗೆ ಬರುವವರು ಕೇಳುವುದಿಲ್ಲ, ಕೊಡುವವರು ಹೇಳುವುದಿಲ್ಲ. ಎಲ್ಲ ಶೀಟೂ ಒಂದೇ ಬಗೆಯದಲ್ಲ, ತಗಡಿನದೂ ಉಂಟು. ಆದರೆ ಅಂಗಡಿಯಲ್ಲಿ ‘ಸಿಮೆಂಟ್ ಶೀಟು’ ಎಂದು ಮಾರಾಟವಾಗುವ ಅಲೆಯಲೆಯಾದ ಬೂದುಬಣ್ಣದ ಹಾಳೆಯಲ್ಲಿ ಬಹುಮಟ್ಟಿಗೆ ಶೇ 8ರಿಂದ 10ರಷ್ಟು ಬಿಳಿ ಕಲ್ನಾರು, ಅಂದರೆ ಕ್ರೈಸೊಟೈಲ್ ಆಸ್‌ಬೆಸ್ಟಾಸ್, ಬೆರೆತಿರುತ್ತದೆ. ಹೆಸರಿನಲ್ಲಿ ಸಿಮೆಂಟು ಉಳಿದಿದೆ, ಕಲ್ನಾರು ಮರೆಯಾಗಿದೆ.

ಈ ಮರೆವು ಸಣ್ಣದಲ್ಲ. 2001ರ ಜನಗಣತಿಯ ಪ್ರಕಾರ ದೇಶದ ಶೇ 11.6ರಷ್ಟು ಕುಟುಂಬಗಳು ತಗಡು ಅಥವಾ ಆಸ್‌ಬೆಸ್ಟಾಸ್ ಚಾವಣಿಯ ಕೆಳಗೆ ವಾಸವಾಗಿದ್ದವು. 2011ರ ವೇಳೆಗೆ ಈ ಪ್ರಮಾಣ ಶೇ 15.9ಕ್ಕೆ ಏರಿತ್ತು. ಗಣತಿ ಇವೆರಡನ್ನೂ ಒಂದೇ ಕಾಲಂನಲ್ಲಿ ಸೇರಿಸಿದ್ದರಿಂದ, ಕಲ್ನಾರಿನ ಕೆಳಗೆ ಮಲಗುವವರೆಷ್ಟು ಎಂಬ ಪ್ರತ್ಯೇಕ ಲೆಕ್ಕ ಅದರಲ್ಲಿ ಸಿಗದು. ಕೇಂದ್ರ ಸರ್ಕಾರದ ಗಣತಿಯೂ ತಗಡಿಗೂ ಕಲ್ನಾರಿಗೂ ಭೇದವೆಣಿಸಲಿಲ್ಲ ಎಂದಾದರೆ, ಜನಸಾಮಾನ್ಯರು ಎಣಿಸಲಿಲ್ಲವೆಂದು ದೂರುವುದು ಹೇಗೆ?

ಭೇದವೆಣಿಸಲು ಕಾರಣವಿದೆ. ಕಲ್ನಾರಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಉಸಿರಿನೊಂದಿಗೆ ಶ್ವಾಸಕೋಶ ಸೇರಿದವು ಅಲ್ಲಿಯೇ ನೆಲೆಸುತ್ತವೆ. ಶ್ವಾಸಕೋಶ ಗಡುಸಾಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಯನ್ನು ಬಾಧಿಸುವ ಮೀಸೊಥೆಲಿಯೋಮ ಇದರ ಫಲಗಳು. ಬಿಳಿಯದೂ ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ನಿಲುವು. ಕ್ಯಾನ್ಸರ್ ತಲೆದೋರಲು ಇಪ್ಪತ್ತರಿಂದ ನಲವತ್ತು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಗಾರೆ ಕೆಲಸದವನು ಊರು ಬದಲಿಸಿರುತ್ತಾನೆ, ಗುತ್ತಿಗೆದಾರ ಬದಲಾಗಿರುತ್ತಾನೆ. ಕೆಮ್ಮಿನ ಕಾರಣವನ್ನು ಯಾರೂ ಚಾವಣಿಯಲ್ಲಿ ಹುಡುಕುವುದಿಲ್ಲ.

ಓದುಗರು ಗಾಬರಿಯಾಗಿ ನಾಳೆಯೇ ಶೀಟು ಕಿತ್ತೊಗೆಯಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಮಾಡುವುದೇ ಹೆಚ್ಚು ಅಪಾಯ. ಗಟ್ಟಿಯಾಗಿರುವ, ಯಾರೂ ಮುಟ್ಟದ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಬಂಧಿಯಾಗಿರುತ್ತವೆ. ಅದನ್ನು ಯಂತ್ರದಿಂದ ಕತ್ತರಿಸುವಾಗ, ಬೋಲ್ಟ್ ಹಾಕಲು ಕೊರೆಯುವಾಗ, ಒಡೆಯುವಾಗ, ಬಿದ್ದ ಪುಡಿಯನ್ನು ಗುಡಿಸುವಾಗ ಅವು ಗಾಳಿಗೆ ಸೇರುತ್ತವೆ. ಬಿಸಿಲು ಮಳೆಗೆ ಸವೆದ ಹಳೆಯ ಶೀಟಿನಿಂದಲೂ ಬಿಡುಗಡೆಯಾಗುತ್ತವೆ. ನಮ್ಮ ಬಡಾವಣೆಯಲ್ಲಿ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದನ್ನು ದಿನವೂ ನೋಡುತ್ತೇನೆ. ಶೀಟುಗಳನ್ನು ಮೇಲಿಂದ ಎಸೆದು ಪುಡಿ ಮಾಡುತ್ತಾರೆ. ಮುಖಗವಸಾಗಲಿ, ನೀರು ಚಿಮುಕಿಸುವ ಕ್ರಮವಾಗಲಿ ಇಲ್ಲ. ಉಳಿದ ತುಂಡುಗಳು ಚರಂಡಿ ಮುಚ್ಚಲು, ರಸ್ತೆಯ ಗುಂಡಿ ತುಂಬಲು ಹೋಗುತ್ತವೆ.

ಸರ್ಕಾರದ ನೀತಿಯಾದರೋ ವಿಚಿತ್ರ. 1986ರಲ್ಲಿ ಹೊಸ ಕಲ್ನಾರು ಗಣಿಗಳಿಗೆ ಗುತ್ತಿಗೆ ನೀಡುವುದನ್ನು ಕೇಂದ್ರ ನಿಲ್ಲಿಸಿತು. 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣಕ್ಕೂ ತಡೆ ಹಾಕಿತು. ಕಲ್ನಾರಿನ ತ್ಯಾಜ್ಯವನ್ನು ಆಮದು ಮಾಡಿಕೊಳ್ಳುವುದು ನಿಷಿದ್ಧ. ಅಲಾಂಗ್‌ನಲ್ಲಿ ಒಡೆಯಲೆಂದು ಹೊರಟಿದ್ದ ‘ಕ್ಲೆಮೆನ್ಸೊ’ ಯುದ್ಧನೌಕೆಯಲ್ಲಿ ಕಲ್ನಾರು ಇದೆಯೆಂದು ಪ್ರತಿಭಟನೆಗಳಾಗಿ, 2006ರ ಫೆಬ್ರುವರಿಯಲ್ಲಿ ಫ್ರಾನ್ಸ್ ಅದನ್ನು ಹಿಂದಕ್ಕೆ ಕರೆಸಿಕೊಂಡಿತು. ಆದರೆ ಅದೇ ಕಲ್ನಾರು ಚೀಲಗಳಲ್ಲಿ ಕಚ್ಚಾ ವಸ್ತುವಾಗಿ ಬಂದರೆ ನಮ್ಮ ಬಂದರುಗಳು ತೆರೆದಿವೆ. ರಷ್ಯಾ, ಕಜಕಸ್ತಾನ, ಬ್ರೆಜಿಲ್‌ಗಳಿಂದ ಅದು ಬರುತ್ತದೆ. ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತನ್ನ ದೇಶದೊಳಗೆ ಇದನ್ನು ನಿಷೇಧಿಸಿತು. ರಫ್ತು ಮಾತ್ರ ನಿಲ್ಲಲಿಲ್ಲ. ಹಿಂದೆ ನಮಗೆ ಮಾರುತ್ತಿದ್ದ ಕೆನಡಾ 2018ರಲ್ಲಿ ನಿಷೇಧ ತಂದಿತು. ಐರೋಪ್ಯ ಒಕ್ಕೂಟದಲ್ಲಿ 2005ರಿಂದಲೇ ನಿಷೇಧವಿದೆ. ಅಮೆರಿಕ 2024ರಲ್ಲಿ ಬಿಳಿ ಕಲ್ನಾರಿನ ಉಳಿದ ಬಳಕೆಗಳಿಗೂ ತಡೆ ಪ್ರಕಟಿಸಿತು.

ಉದ್ಯಮದ ವಾದವನ್ನೂ ಕೇಳಬೇಕು. ಬಿಳಿ ಕಲ್ನಾರು ನೀಲಿ, ಕಂದು ಬಗೆಗಳಷ್ಟು ಅಪಾಯಕಾರಿಯಲ್ಲ, ನಿಯಂತ್ರಿತ ಬಳಕೆ ಸಾಧ್ಯ, ಬಡವರಿಗೆ ಇದಕ್ಕಿಂತ ಅಗ್ಗದ ಸೂರಿಲ್ಲ ಎಂಬುದು ಅದರ ಸಾರ. ಕಾರ್ಖಾನೆಯ ಗೋಡೆಗಳೊಳಗೆ ನಿಯಂತ್ರಣ ಸಾಧ್ಯವೆಂದೇ ಒಪ್ಪೋಣ. ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಇವುಗಳಲ್ಲಿ ಯಾವುದು ನಂತರದ್ದೋ ಅಲ್ಲಿಯವರೆಗೆ ಕಾಪಾಡಬೇಕೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಆದರೆ ಏಣಿ ಹತ್ತಿ ಶೀಟು ಕೊರೆಯುವ ದಿನಗೂಲಿಯವನ ದಾಖಲೆ ಇಡುವವರಾರು? ಕಾರ್ಖಾನೆಯ ಬಾಗಿಲಿನಲ್ಲೇ ಮುಗಿದುಹೋಗುವ ನಿಯಂತ್ರಣವನ್ನು ನಂಬಿ ಅರ್ಧ ಶತಮಾನ ಬಾಳುವ ವಸ್ತುವನ್ನು ಮನೆಮನೆಗೆ ಹಂಚುವುದು ಸರಿಯಲ್ಲ.

ಅಗ್ಗವೆಂಬ ಮಾತಿನಲ್ಲಿ ನಿಜಾಂಶವಿದೆ. ಆದರೆ ಪರ್ಯಾಯಗಳಿಲ್ಲವೆಂಬುದು ನಿಜವಲ್ಲ. ಕಲ್ನಾರಿನ ಬದಲು ಕೃತಕ ನಾರು ಬೆರೆಸಿದ ಸಿಮೆಂಟ್ ಶೀಟುಗಳು ನಮ್ಮಲ್ಲಿಯೇ ತಯಾರಾಗುತ್ತಿವೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಾಡು ನಮ್ಮದು. ಬೆಲೆಯ ವ್ಯತ್ಯಾಸ ತುಂಬಬೇಕಾದದ್ದು ತೆರಿಗೆ ವಿನಾಯಿತಿಯಿಂದ, ವಸತಿ ಯೋಜನೆಗಳ ಸಹಾಯಧನದಿಂದ, ಬಡವರ ಶ್ವಾಸಕೋಶದಿಂದಲ್ಲ.

ಪೂರ್ಣ ನಿಷೇಧಕ್ಕೆ ಕೇಂದ್ರ ಕಾಲಮಿತಿ ನಿಗದಿಪಡಿಸಬೇಕು. ಅಲ್ಲಿಯವರೆಗೆ ರಾಜ್ಯ ಕೈಕಟ್ಟಿ ಕೂರಬೇಕಿಲ್ಲ. ಸರ್ಕಾರಿ ಶಾಲೆ, ಅಂಗನವಾಡಿ, ಆಸ್ಪತ್ರೆಗಳ ಹೊಸ ಕಟ್ಟಡಗಳಿಗೆ ಕಲ್ನಾರಿನ ಶೀಟು ಬಳಸದಂತೆ ಆದೇಶಿಸಬಹುದು. ಶಾಲೆಗಳ ಇಂಥ ಚಾವಣಿಗಳನ್ನು ಬದಲಿಸಬೇಕೆಂದು ನೆರೆಯ ಕೇರಳದ ಮಾನವ ಹಕ್ಕುಗಳ ಆಯೋಗ 2009ರಲ್ಲೇ ಸೂಚಿಸಿತ್ತು. ಪ್ರತಿ ಶೀಟಿನ ಮೇಲೂ ಕನ್ನಡದಲ್ಲಿ ಎಚ್ಚರಿಕೆ ಮುದ್ರಣವಾಗಲಿ. ಕಟ್ಟಡ ಕೆಡವುವ ಅನುಮತಿಯ ಜತೆಗೆ ಶೀಟುಗಳನ್ನು ಒದ್ದೆ ಮಾಡಿ, ಒಡೆಯದೆ ಇಳಿಸಿ, ಪ್ರತ್ಯೇಕವಾಗಿ ಸಾಗಿಸಬೇಕೆಂಬ ಷರತ್ತನ್ನು ಪಾಲಿಕೆಗಳು ವಿಧಿಸಲಿ.

ಈ ಪುಟ ಓದುವ ನಮ್ಮಲ್ಲಿ ಹೆಚ್ಚಿನವರು ಕಾಂಕ್ರೀಟಿನ ಕೆಳಗೆ ಮಲಗುವವರು. ಆದರೆ ಶೀಟು ಹೊದಿಸಿದ ಕೊಠಡಿಯನ್ನು ತಾರಸಿಯ ಮೇಲೆ ಕಟ್ಟಿ ಬಾಡಿಗೆಗೆ ಕೊಟ್ಟವರೂ, ಕಾವಲುಗಾರನ ಕುಟುಂಬಕ್ಕೆ ಅದೇ ಶೀಟಿನ ಗುಡಿಸಲು ಹಾಕಿಸಿದವರೂ ನಾವೇ. ಮುಂದಿನ ಸಲ ಅಂಗಡಿಗೆ ಹೋದಾಗ ‘ಇದರಲ್ಲಿ ಕಲ್ನಾರು ಇದೆಯೇ?’ ಎಂದು ಕೇಳುವುದಕ್ಕೆ ಯಾವ ಕಾನೂನೂ ಬೇಕಾಗಿಲ್ಲ.