ಐದನೆಯ ಸಲ



ಮನುಷ್ಯನು ತನ್ನ ವೃತ್ತಿಯನ್ನು ಯಾವಾಗ ಬಿಡಬೇಕೆಂಬ ಪ್ರಶ್ನೆಯು ಒಂದಲ್ಲ ಒಂದು ದಿನ ಪ್ರತಿಯೊಂದು ಮನೆಯಲ್ಲಿಯೂ ಏಳುವುದುಂಟು. “ಇನ್ನೇಕೆ ನಿಮಗೆ ಈ ಶ್ರಮ? ಸುಮ್ಮನೆ ಕುಳಿತಿರಬಾರದೆ?” ಎಂದು ಮಕ್ಕಳು ಕೇಳುತ್ತಾರೆ. ಕೇಳುವವರಲ್ಲಿ ಪ್ರೀತಿಯೇ ಇರುವುದು. ಆದರೆ ಕೇಳಿಸಿಕೊಂಡವನ ಎದೆಯಲ್ಲಿ ಏನಾಗುವುದೆಂಬುದನ್ನು ಬಲ್ಲವರು ಕಡಮೆ. ಸರ್ಕಾರದ ನೌಕರನಿಗೆ ನಿವೃತ್ತಿಯ ವಯಸ್ಸೊಂದು ಗೊತ್ತಾಗಿರುತ್ತದೆ. ಒಕ್ಕಲಿಗನಿಗೆ, ವ್ಯಾಪಾರಿಗೆ, ಸಂಗೀತಗಾರನಿಗೆ ಅದಿಲ್ಲ. ಅವರು ತಾವೇ ನಿಶ್ಚಯಿಸಿಕೊಳ್ಳಬೇಕು.

ಈ ವಿಚಾರಕ್ಕಾಗಿ ನಾನು ಆರಿಸಿಕೊಂಡಿರುವ ದೃಷ್ಟಾಂತವು ಅಮೆರಿಕಾ ದೇಶದ ಒಬ್ಬ ಮುಷ್ಟಿಮಲ್ಲನದು. ಬಾಕ್ಸಿಂಗ್ ಎಂಬುದು ಗೃಹಸ್ಥರ ಪತ್ರಿಕೆಗೆ ತಕ್ಕ ವಿಷಯವೇ ಎಂದು ಯಾರೂ ಹುಬ್ಬುಗಂಟಿಕ್ಕಬಾರದು. ಈ ಮಲ್ಲನು ಆರು ಮಕ್ಕಳ ತಂದೆ. ಅವನ ಕಥೆಯ ಅರ್ಧ ಭಾಗವು ಅಡಿಗೆಯ ಮನೆಗೇ ಸೇರಿದ್ದು.

ಅವನ ಹುಟ್ಟುಹೆಸರು ಆರ್ನಾಲ್ಡ್ ರೇಮಂಡ್ ಕ್ರೀಮ್. ಜನನವು ೧೯೧೪ನೆಯ ಇಸವಿ ಜನವರಿ ೩೧ರಂದು, ನ್ಯೂಜೆರ್ಸಿ ಸಂಸ್ಥಾನದಲ್ಲಿ. ತಂದೆಯು ಬಾರ್ಬಡೋಸ್ ದ್ವೀಪದಿಂದ ಬಂದು ನೆಲೆಸಿದ್ದವನು. ಆ ದ್ವೀಪದ ಹೆಸರಿನಿಂದಲೇ ಪ್ರಸಿದ್ಧನಾಗಿದ್ದ ಜೋ ವಾಲ್ಕಾಟ್ ಎಂಬುವನು ಹಿಂದೆ ಒಂದು ತೂಕದ ವರ್ಗದಲ್ಲಿ ಜಗಜ್ಜೆಟ್ಟಿಯಾಗಿದ್ದನು. ನಮ್ಮ ಹುಡುಗನು ಆ ಹೆಸರನ್ನೇ ಧರಿಸಿ, ಅದರ ಹಿಂದೆ ತನ್ನ ಸೀಮೆಯ ಹೆಸರನ್ನು ಸೇರಿಸಿಕೊಂಡು ‘ಜೆರ್ಸಿ ಜೋ ವಾಲ್ಕಾಟ್’ ಆದನು. ಎಳೆಯ ವಯಸ್ಸಿನಲ್ಲಿಯೇ ತಂದೆ ತೀರಿಹೋಗಲು, ಶಾಲೆಯನ್ನು ಬಿಟ್ಟು, ಸೂಪು ತಯಾರಿಸುವ ಕಾರ್ಖಾನೆಯಲ್ಲಿ ದುಡಿದು ಮನೆಯವರನ್ನು ಸಾಕಬೇಕಾಯಿತು. ೧೯೩೦ರಲ್ಲಿ ಹಣಕ್ಕಾಗಿ ಕಣಕ್ಕಿಳಿದನು. ಅಂದಿನಿಂದ ಹದಿನೈದು ವರ್ಷಗಳ ಕಾಲ ಅವನದು ಕಾದುವುದು, ಬಿಡುವುದು, ಕೂಲಿಗೆ ಹೋಗುವುದು, ಮತ್ತೆ ಕಾದುವುದು ಎಂಬಂತಹ ಬಾಳು.

ಕಾಲವೂ ಅವನಿಗೆ ಅನುಕೂಲವಾಗಿರಲಿಲ್ಲ. ೧೯೧೫ರಿಂದ ೧೯೩೭ರವರೆಗೆ ಹೆವಿವೆಯ್ಟ್ ಎಂಬ ಅತಿಭಾರದ ವರ್ಗದಲ್ಲಿ ಜಗಜ್ಜೆಟ್ಟಿಯೊಡನೆ ಕಾದುವ ಅವಕಾಶವು ಕರಿಯ ಜನಾಂಗದ ಒಬ್ಬನಿಗೂ ದೊರೆಯಲಿಲ್ಲ. ಆ ಬಾಗಿಲನ್ನು ತೆರೆದವನು ಜೋ ಲೂಯಿ. ಅದೇ ಲೂಯಿಯ ಎದುರಿಗೆ ನಮ್ಮ ವಾಲ್ಕಾಟನು ೧೯೪೭ನೆಯ ಡಿಸೆಂಬರ್ ೫ರಂದು, ಮೂವತ್ತಮೂರು ದಾಟಿದ ಮೇಲೆ, ನ್ಯೂಯಾರ್ಕಿನಲ್ಲಿ ಮೊದಲ ಸಲ ನಿಂತನು. ಲೂಯಿಯನ್ನು ಎರಡು ಸಲ ನೆಲಕ್ಕೆ ಕೆಡವಿದನು. ಹದಿನೈದು ಸುತ್ತುಗಳೂ ಮುಗಿದ ಮೇಲೆ ತೀರ್ಪು ಬಂದಾಗ, ಕಣದೊಳಗಿದ್ದ ರೆಫರಿಯು ವಾಲ್ಕಾಟನೇ ಗೆದ್ದನೆಂದನು. ಹೊರಗೆ ಕುಳಿತಿದ್ದ ಇಬ್ಬರು ತೀರ್ಪುಗಾರರು ಲೂಯಿಯೆಂದರು. ಎರಡು ಮತಗಳೇ ನಡೆದವು. ಮರುವರ್ಷ ಜೂನ್ ತಿಂಗಳಲ್ಲಿ ಅದೇ ಲೂಯಿಯಿಂದ ಹನ್ನೊಂದನೆಯ ಸುತ್ತಿನಲ್ಲಿ ಪೆಟ್ಟು ತಿಂದು ಬಿದ್ದನು. ಲೂಯಿಯು ನಿವೃತ್ತನಾದ ತರುವಾಯ ಬರಿದಾದ ಪದವಿಗಾಗಿ ೧೯೪೯ರಲ್ಲಿ ಎಜರ್ಡ್ ಚಾರ್ಲ್ಸ್ ಎಂಬುವನೊಡನೆ ಕಾದಿ ಸೋತನು. ೧೯೫೧ನೆಯ ಮಾರ್ಚ್ ತಿಂಗಳಲ್ಲಿ ಅವನಿಗೇ ಮತ್ತೊಮ್ಮೆ ಸೋತನು. ಹೀಗೆ ನಾಲ್ಕು ಸಲ ಹೋದುದಾಯಿತು, ನಾಲ್ಕು ಸಲ ಬರಿಗೈಯಲ್ಲಿ ಬಂದುದಾಯಿತು.

ಅದೇ ವರ್ಷದ ಜುಲೈ ೧೮ರಂದು, ಪಿಟ್ಸ್‌ಬರ್ಗ್ ನಗರದಲ್ಲಿ ಐದನೆಯ ಅವಕಾಶವು ದೊರೆಯಿತು. ಚಾರ್ಲ್ಸನಿಗೆ ಆಗ ಮೂವತ್ತು, ವಾಲ್ಕಾಟನಿಗೆ ಮೂವತ್ತೇಳು. ಗೆಲ್ಲುವನೆಂದು ನಂಬಿದವರು ವಿರಳ. ಇದೂ ತಪ್ಪಿದರೆ ಆರನೆಯದು ಬರುವುದೆಂದು ನಂಬಿದವರು ಅದಕ್ಕಿಂತಲೂ ವಿರಳ. ಏಳನೆಯ ಸುತ್ತು ಆರಂಭವಾಗಿ ಒಂದು ನಿಮಿಷವೂ ಕಳೆದಿರಲಿಲ್ಲ. ವಾಲ್ಕಾಟನ ಎಡಗೈಯ ಒಂದು ಬಾಗಿದ ಹೊಡೆತವು ಚಾರ್ಲ್ಸನ ದವಡೆಗೆ ತಗುಲಿತು. ಚಾರ್ಲ್ಸನು ಮುಗ್ಗರಿಸಿ ಬಿದ್ದನು. ಹತ್ತು ಎಣಿಸುವುದರೊಳಗಾಗಿ ಏಳಲಾರದೆ ಹೋದನು. ಆವರೆಗೆ ಆ ವರ್ಗದಲ್ಲಿ ಅಷ್ಟು ವಯಸ್ಸಾದ ಮೇಲೆ ಪದವಿಯನ್ನು ಗೆದ್ದವನು ಇನ್ನೊಬ್ಬನಿರಲಿಲ್ಲ.

ಇಲ್ಲಿಗೆ ಕಥೆಯನ್ನು ನಿಲ್ಲಿಸಿ, “ಮರಳಿ ಯತ್ನವ ಮಾಡು” ಎಂದು ಉಪದೇಶಿಸುವುದು ಸುಲಭ. ಆದರೆ ಹಾಗೆ ಮಾಡುವುದು ನ್ಯಾಯವಲ್ಲ. ಪೆಟ್ಟು ತಿನ್ನುವ ತಲೆಗೆ ಪ್ರತಿಯೊಂದು ಪ್ರಯತ್ನವೂ ಅಪಾಯವೇ. ಇದೇ ಕಾಲದಲ್ಲಿ ಜೋ ಲೂಯಿಗೆ ಏನಾಯಿತೆಂಬುದನ್ನು ನೋಡಿರಿ. ಪದವಿಯಲ್ಲಿದ್ದಾಗಲೇ ೧೯೪೯ರಲ್ಲಿ ಗೌರವದಿಂದ ನಿವೃತ್ತನಾಗಿದ್ದ ಅವನು, ವರಮಾನ ತೆರಿಗೆಯ ಬಾಕಿಯು ಕತ್ತಿಗೆಗೆ ಸುತ್ತಿಕೊಂಡುದರಿಂದ ಮರುವರ್ಷ ಮತ್ತೆ ಕಣಕ್ಕೆ ಬಂದು ಚಾರ್ಲ್ಸನಿಗೆ ಸೋತನು. ೧೯೫೧ನೆಯ ಅಕ್ಟೋಬರಿನಲ್ಲಿ ರಾಕಿ ಮಾರ್ಸಿಯಾನೋ ಎಂಬ ತರುಣನ ಹೊಡೆತಕ್ಕೆ ಹಗ್ಗಗಳ ನಡುವೆ ಹೊರಕ್ಕೆ ಉರುಳಿದನು. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ವರ್ಷದಲ್ಲಿ ಹುಟ್ಟಿದವರು. ಒಬ್ಬನನ್ನು ಕಣಕ್ಕೆ ಕರೆತಂದುದು ಇನ್ನೂ ಕೈಗೂಡದಿದ್ದ ಕೆಲಸ. ಇನ್ನೊಬ್ಬನನ್ನು ನೂಕಿ ತಂದುದು ಸಾಲ.

ಧೃತಿ, ಹಠ ಎಂಬ ಎರಡು ಮಾತುಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಧೃತಿಯೆಂದರೆ ಹಿಡಿದುಕೊಂಡಿರುವುದು, ಹಠವೆಂದರೆ ಬಲಾತ್ಕಾರ. ಸೋಲಿನಿಂದ ಸೋಲಿಗೆ ಗುರಿಯ ಸಮೀಪಕ್ಕೆ ಬರುತ್ತಿರುವವನು ಹಿಡಿದುಕೊಂಡಿರುವುದು ಧೃತಿ. ದೇಹವು ಒಲ್ಲೆನೆಂದು ಸ್ಪಷ್ಟವಾಗಿ ಹೇಳಿದ ಮೇಲೂ ಅದನ್ನು ಎಳೆದುಕೊಂಡು ಹೋಗುವುದು ಹಠ.

ವಾಲ್ಕಾಟನು ಈ ಭೇದವನ್ನು ಬಲ್ಲವನಾಗಿದ್ದನೆಂಬುದು ಅವನ ಮುಂದಿನ ನಡತೆಯಿಂದ ತಿಳಿಯುತ್ತದೆ. ೧೯೫೨ರ ಜೂನ್ ತಿಂಗಳಲ್ಲಿ ಚಾರ್ಲ್ಸನ ಎದುರಿಗೆ ಪದವಿಯನ್ನು ಉಳಿಸಿಕೊಂಡನು. ಸೆಪ್ಟೆಂಬರಿನಲ್ಲಿ ಮಾರ್ಸಿಯಾನೋವಿನೊಡನೆ ಕಾದುವಾಗ ಹನ್ನೆರಡು ಸುತ್ತುಗಳವರೆಗೆ ಎಣಿಕೆಯಲ್ಲಿ ಮುಂದಿದ್ದು, ಹದಿಮೂರನೆಯದರಲ್ಲಿ ಒಂದೇ ಹೊಡೆತಕ್ಕೆ ಎಲ್ಲವನ್ನೂ ಕಳೆದುಕೊಂಡನು. ೧೯೫೩ನೆಯ ಮೇ ತಿಂಗಳಲ್ಲಿ ಮತ್ತೆ ಎದುರಾದಾಗ ಮೊದಲನೆಯ ಸುತ್ತಿನಲ್ಲಿಯೇ ಬಿದ್ದನು. ದೇಹದ ಸಾಕ್ಷ್ಯವನ್ನು ಒಪ್ಪಿಕೊಂಡು ಅಲ್ಲಿಗೇ ನಿಲ್ಲಿಸಿದನು. ತರುವಾಯ ತನ್ನ ಕ್ಯಾಮ್ಡನ್ ಜಿಲ್ಲೆಯ ಜನರಿಂದ ೧೯೭೧ರಲ್ಲಿ ಷೆರೀಫನಾಗಿ ಚುನಾಯಿತನಾದನು; ೧೯೭೫ರಿಂದ ೧೯೮೪ರವರೆಗೆ ತನ್ನ ಸಂಸ್ಥಾನದಲ್ಲಿ ಮುಷ್ಟಿಯುದ್ಧಗಳ ಮೇಲ್ವಿಚಾರಣೆ ನಡೆಸುವ ಮಂಡಲಿಗೆ ಅಧ್ಯಕ್ಷನಾಗಿದ್ದನು. ೧೯೯೪ರ ಫೆಬ್ರವರಿ ೨೫ರಂದು, ಎಂಬತ್ತು ತುಂಬಿ, ಕಾಲವಾದನು. ಅದೇ ವರ್ಷದ ನವೆಂಬರಿನಲ್ಲಿ ಜಾರ್ಜ್ ಫೋರ್ಮನ್ ಎಂಬುವನು ನಲವತ್ತೈದನೆಯ ವಯಸ್ಸಿನಲ್ಲಿ ಆ ಪದವಿಯನ್ನು ಗೆದ್ದು, ವಾಲ್ಕಾಟನ ದಾಖಲೆಯನ್ನು ಮುರಿದನು.

ಆದುದರಿಂದ, ಮನೆಯ ಹಿರಿಯನು “ಇನ್ನೊಂದು ಸಲ ನೋಡುತ್ತೇನೆ” ಎಂದಾಗ, ಅವನ ವಯಸ್ಸನ್ನು ಪಂಚಾಂಗದಲ್ಲಿ ಎಣಿಸುವುದಕ್ಕೆ ಮೊದಲು ಎರಡು ವಿಷಯಗಳನ್ನು ವಿಚಾರಿಸಿರಿ. ಅವನು ಹೊರಟಿರುವುದು ಕೈಗೂಡದೆ ಉಳಿದ ಕೆಲಸವನ್ನು ಪೂರೈಸುವುದಕ್ಕೋ, ನಮ್ಮ ಸಾಲವನ್ನು ತೀರಿಸುವುದಕ್ಕೋ? ಮೊದಲನೆಯದಾದರೆ ಬುತ್ತಿ ಕಟ್ಟಿಕೊಟ್ಟು, ಆರೋಗ್ಯದ ಕಡೆ ಕಣ್ಣಿಟ್ಟು, ಕಳುಹಿಸಿಕೊಡಿರಿ. ಎರಡನೆಯದಾದರೆ ಅವನನ್ನು ಕೂರಿಸಿ, ಭಾರವನ್ನು ನೀವು ಹೊತ್ತುಕೊಳ್ಳಿರಿ. ಇನ್ನು ಹಿರಿಯರಿಗೆ ನನ್ನ ಬಿನ್ನಹವಿಷ್ಟೆ: ಹೋಗುವುದಕ್ಕೆ ಮನೆಯವರ ಅಪ್ಪಣೆಯನ್ನು ಕೇಳದಿದ್ದರೂ ಚಿಂತೆಯಿಲ್ಲ, ನಿಲ್ಲುವ ಹೊತ್ತು ಬಂದಿತೆಂದು ಮೈ ಹೇಳಿದಾಗ ಅದರ ಮಾತನ್ನು ಮೀರಬೇಡಿರಿ.