ಹೆಬ್ಬೆಟ್ಟಿನ ಚಕ್ರಬಡ್ಡಿ



ಸೊಸೈಟಿ ಸಾಲ, ಬ್ಯಾಂಕಿನ ಸಾಲ, ಸಾಹುಕಾರನ ಕೈಗಡ, ಇವುಗಳ ಲೆಕ್ಕ ನಮಗೆಲ್ಲ ಬಾಯಿಪಾಠ. ಯಾವ ಖಾತೆ ಪುಸ್ತಕದಲ್ಲೂ ಬರೆಯದ ಇನ್ನೊಂದು ಸಾಲ ನಮ್ಮ ಮನೆಗಳಲ್ಲಿದೆ. ಅದು ಹೆಬ್ಬೆಟ್ಟಿನ ಸಾಲ. ಅಪ್ಪ ಅವ್ವ ಓದದೆ ಉಳಿದದ್ದು ಅಸಲು. ಬಡ್ಡಿ ಕಟ್ಟುವವರು ಮಕ್ಕಳು.

ಇದು ಸುಮ್ಮನೆ ಆಡುವ ಮಾತಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 88ಕ್ಕೂ ಹೆಚ್ಚು. ಯಾದಗಿರಿಯಲ್ಲಿ ಸುಮಾರು 52. ಅವರಲ್ಲಿ ಅನೇಕರು ಇಂದು ತಂದೆತಾಯಿಗಳು. 2024ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡದ ಮಕ್ಕಳು ನೂರಕ್ಕೆ 92 ಮಂದಿ ಪಾಸಾಗಿ ರಾಜ್ಯಕ್ಕೆ ಎರಡನೆಯವರಾದರು. ಯಾದಗಿರಿಗೆ ಸಿಕ್ಕಿದ್ದು ಕೊನೆಯ ಸ್ಥಾನ. ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು ನಪಾಸು. ಯಾದಗಿರಿ ಮಕ್ಕಳಿಗೆ ಬುದ್ಧಿ ಕಮ್ಮಿಯೇ? ಖಂಡಿತ ಅಲ್ಲ. ಮಾಸ್ತರರ ಕೊರತೆ, ಮಳೆ ನಂಬಿದ ಹೊಲ, ಗುಳೆ ಹೋಗುವ ಸಂಸಾರ, ಇವೆಲ್ಲ ಕಾರಣವೇ. ಮನೆಯಲ್ಲಿ ಪಾಠ ನೋಡುವವರಿಲ್ಲ ಎಂಬುದೂ ಕಾರಣ.

ಓದು ಬಲ್ಲ ತಾಯಿ ರೊಟ್ಟಿ ಬಡಿಯುತ್ತಲೇ ಮಗುವಿನ ತಪ್ಪು ಹಿಡೀತಾಳೆ. ಓದು ಬಾರದ ಮನೆಯಲ್ಲಿ ಹುಡುಗ ಮೂರನೇ ಈಯತ್ತೆಯಲ್ಲೇ ಹಿಂದೆ ಬಿದ್ದದ್ದು ಗೊತ್ತಾಗೋದು ಹತ್ತರ ಫಲಿತಾಂಶ ಬಂದ ಮೇಲೆ. ಬೆಳೆಗೆ ಹುಳ ಬಿದ್ದದ್ದು ಕೊಯ್ಲಿನ ದಿನ ಕಂಡ ಹಾಗೆ.

ಇನ್ನು ಬೆಳೆ ಕೈಕೊಟ್ಟ ವರ್ಷ ಮೊದಲು ಶಾಲೆ ಬಿಡುವವಳು ಯಾರು? ಮಗಳು. ಒಂದಾಳಿನ ಕೂಲಿ ಉಳೀತು ಅಂತ ನಾವು ಅಂದ್ಕೋತೀವಿ. ಆಕೆಯೇ ನಾಳೆ ತಾಯಿ. ಬಡ್ಡಿಗೆ ಬಡ್ಡಿ ಬೆಳೆಯೋದು ಅಲ್ಲಿಂದ. 2011ರಲ್ಲಿ ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 82 ಮಂದಿ ಓದು ಬಲ್ಲವರಾದರೆ ಹೆಂಗಸರಲ್ಲಿ 68 ಮಂದಿ ಮಾತ್ರ.

"ಬೆಳೆದದ್ದಕ್ಕೆ ಬೆಲೆ ಇಲ್ಲ, ಮಕ್ಕಳನ್ನು ಹೇಗ್ರೀ ಓದಿಸೋದು?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಬೆಲೆಯ ಹೋರಾಟ ಬಿಡಿ ಎಂದು ನಾವು ಹೇಳುತ್ತಿಲ್ಲ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಹಕ್ಕು ಎಂದು 2009ರಲ್ಲಿ ಕಾಯಿದೆ ಬರೆದ ಸರ್ಕಾರ ಊರೂರಿಗೆ ಮಾಸ್ತರರನ್ನೂ ಕೊಡಬೇಕು. ಅದನ್ನು ಕೇಳಿ ಪಡೆಯೋಣ.

ಆದರೆ ನಮ್ಮ ಕೈಯಲ್ಲಿರುವುದನ್ನೂ ಮಾಡೋಣ. ಬಿಹಾರ, ರಾಜಸ್ಥಾನದ ಹಳ್ಳಿಗಳಲ್ಲಿ ತಾಯಂದಿರಿಗೆ ಓದು, ಲೆಕ್ಕ ಕಲಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಅದರ ಫಲ ಇಷ್ಟು: ತಾಯಂದಿರೂ ಕಲಿತರು, ಮಕ್ಕಳ ಲೆಕ್ಕವೂ ಸ್ವಲ್ಪ ಸುಧಾರಿಸಿತು. ಲಾಭ ಚಿಕ್ಕದು, ಆದರೆ ನಿಜವಾದದ್ದು.

ಇವತ್ತು ರಾತ್ರಿ ಮಗಳ ಕೈಗೆ ಪಹಣಿ ಕೊಡಿ, ಮಂಡಿಯ ತೂಕದ ಚೀಟಿ ಕೊಡಿ. ಗಟ್ಟಿಯಾಗಿ ಓದಿಸಿ, ಪಕ್ಕದಲ್ಲಿ ಅವ್ವನೂ ಕೂರಲಿ. ಎಡವಿದರೆ ನಾಳೆ ಮಾಸ್ತರರನ್ನು ಕೇಳಿ. ತಿಂಗಳಿಗೊಮ್ಮೆ ಶಾಲೆಯ ಮೆಟ್ಟಿಲು ಹತ್ತಿ, ಓದಿಲ್ಲವೆಂದು ನಾಚಬೇಡಿ.

ಈ ಸಾಲ ತೀರಿಸಲು ಸುಗ್ಗಿಗೆ ಕಾಯಬೇಕಿಲ್ಲ. ಮೊದಲ ಕಂತು ಇಂದೇ ಕಟ್ಟೋಣ.